ಜಾತಿಸ್ಮರಣೆ ಮತ್ತು ಪೂರ್ವಾಶ್ರಯನಿರಸನ

ಹುಬ್ಬಳ್ಳಿ-ಧಾರವಾಡದ ಕಡೆಯ ಲಿಂಗವಂತ ಮನೆತನಗಳಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ‘ಲಿಂಗೈಕ್ಯರಾದರು’ ಎನ್ನುವುದು ವಾಡಿಕೆ. ವರುಷದೊಳಗೆ ಅದೇ ಮನೆಯಲ್ಲಿ ಗಂಡು ಕೂಸು ಹುಟ್ಟಿತೆಂದರೆ ‘ಅಜ್ಜ ಹುಟ್ಟಿ ಬಂದಾನ’ ಎಂದು ಅದೇ ಬಾಯಿ ನುಡಿಯುತ್ತದೆ. ಕೂಸಿಗೆ ಅಜ್ಜನ ಹೆಸರನ್ನೇ ಇಡುತ್ತಾರೆ. ಹೆತ್ತ ತಂದೆಯೇ ಅದನ್ನು ‘ಯಪ್ಪಾ’ ಎಂದು ಕರೆದು ಮುದ್ದಿಸುತ್ತಾನೆ. ಈ ಎರಡು ಮಾತುಗಳು ತರ್ಕದಲ್ಲಿ ಒಂದರ ಮಗ್ಗುಲಲ್ಲಿ ಒಂದು ನಿಲ್ಲಲಾರವು. ಲಿಂಗದಲ್ಲಿ ಬೆರೆತವನು ಮರಳಿ ತೊಟ್ಟಿಲಿಗೆ ಬರುವುದೆಂತು? ಆದರೆ ಅಕ್ಕರೆಯ ಮಾತಿಗೆ ತರ್ಕದ ಹಂಗಿಲ್ಲವಾದುದರಿಂದ ಯಾರೂ ಇದನ್ನು ಪ್ರಶ್ನಿಸುವುದಿಲ್ಲ, ಪ್ರಶ್ನಿಸಬೇಕಾಗಿಯೂ ಇಲ್ಲ. ಪ್ರಶ್ನೆ ಏಳುವುದು ಕೂಸು ತಾನೇ ಬಾಯಿಬಿಟ್ಟು ‘ಇದು ನನ್ನ ಮನೆಯಲ್ಲ, ನನ್ನ ಮನೆ ಬೇರೆ’ ಎಂದಾಗ. ಅಂಥ ಮಕ್ಕಳ ಕಥೆಗಳು ಕನ್ನಡ ಸಾಹಿತ್ಯಕ್ಕೆ ಹೊಸವಲ್ಲ. ಸಾವಿರ ವರ್ಷಗಳ ಹಿಂದೆಯೇ ನಮ್ಮ ಗದ್ಯ ಅವನ್ನು ಹೇಳಿತು. ಇಪ್ಪತ್ತನೆಯ ಶತಮಾನದಲ್ಲಿ ಮನೋವಿಜ್ಞಾನಿಗಳೂ ಅವನ್ನು ಕೇಳಿ ಬರೆದುಕೊಂಡರು. ಈ ಎರಡರ ನಡುವೆ ಹನ್ನೆರಡನೆಯ ಶತಮಾನದ ಶರಣರು ಮಾತ್ರ ಅಂಥ ನೆನಪನ್ನು ಬೆಲೆಯುಳ್ಳದ್ದೆಂದು ಎಣಿಸಲಿಲ್ಲ. ಅದೇಕೆ ಎಂಬುದು ವಿಚಾರಣೀಯ.

ಹಿಂದಿನ ಜನ್ಮದ ಅರಿವಿಗೆ ಹಳಗನ್ನಡ ಕಾವ್ಯಗಳು ಬಳಸುವ ಶಬ್ದ ‘ಜಾತಿಸ್ಮರಣೆ’. ಆ ಅರಿವುಳ್ಳವನು ‘ಜಾತಿಸ್ಮರ’. ಇಲ್ಲಿ ಜಾತಿಯೆಂದರೆ ಹುಟ್ಟು, ಅಷ್ಟೆ. ಆದರೆ ಅದೇ ಶಬ್ದ ಕುಲಕ್ಕೂ ಸಲ್ಲುತ್ತದೆಯೆಂಬುದನ್ನು ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಕಾವ್ಯಮೀಮಾಂಸೆಯ ದೃಷ್ಟಿಯಿಂದ ನೋಡುವವರು ಜಾತಿಸ್ಮರಣೆಯನ್ನು ಕಥೆಯೊಳಗೆ ಕಥೆಯನ್ನು ಹೊಗಿಸುವ ತಂತ್ರವೆಂದು ಎಣಿಸುತ್ತಾರೆ. ಮತದ ದೃಷ್ಟಿಯಿಂದ ನೋಡುವವರು ಕರ್ಮಸಿದ್ಧಾಂತದ ನಿದರ್ಶನವೆನ್ನುತ್ತಾರೆ. ಎರಡೂ ಸರಿಯೇ. ಆದರೆ ಆ ಶಬ್ದದ ಮೊದಲ ಅರ್ಥಕ್ಕೆ ಎರಡನೆಯ ಅರ್ಥ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆಯೆಂಬುದನ್ನು ಇವೆರಡೂ ಕಾಣಗೊಡುವುದಿಲ್ಲ.

ಮೊದಲು ವಡ್ಡಾರಾಧನೆಯನ್ನು ನೋಡಬಹುದು. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಸಂಪಾದಿಸಿ ಪ್ರಕಟಿಸಿದ ಈ ಗದ್ಯಕೃತಿಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯದು. ಆ ಕಥೆಯ ನಡುವೆ ನಾಗಶ್ರೀಯೆಂಬ ಎಳೆಯ ಹುಡುಗಿ ಬರುತ್ತಾಳೆ. ಚಂಪಾನಗರದ ಬ್ರಾಹ್ಮಣ ನಾಗಶರ್ಮನ ಮಗಳು. ಗೆಳತಿಯರೊಡನೆ ನಾಗಪೂಜೆಗೆಂದು ಹೋದವಳು ಅಲ್ಲಿದ್ದ ಇಬ್ಬರು ಮುನಿಗಳಿಂದ ಅಣುವ್ರತಗಳನ್ನು ಪಡೆದು ಮನೆಗೆ ಬರುತ್ತಾಳೆ. ತಂದೆಗೆ ಸಿಟ್ಟು, ಕೊಟ್ಟ ವ್ರತಗಳನ್ನು ಮರಳಿ ಕೊಟ್ಟು ಬರೋಣವೆಂದು ಮಗಳ ಕೈಹಿಡಿದು ಹೊರಡುತ್ತಾನೆ. ದಾರಿಯಲ್ಲಿ ಕೊಲೆ, ಸುಳ್ಳು, ಕಳವುಗಳಿಗಾಗಿ ರಾಜದಂಡಕ್ಕೆ ಗುರಿಯಾದವರು ಒಬ್ಬರಾದ ಮೇಲೊಬ್ಬರು ಎದುರಾಗುತ್ತಾರೆ. ಇಂಥದನ್ನು ಮಾಡಲಾರೆನೆಂಬ ವ್ರತವನ್ನೇ ತಾನೆ ತಾನು ಹಿಡಿದಿರುವುದು, ಅದನ್ನು ಮರಳಿಸಬೇಕೆ ಎಂದು ಹುಡುಗಿ ಪ್ರತಿಸಲವೂ ಕೇಳುತ್ತಾಳೆ. ಪ್ರತಿಸಲವೂ ತಂದೆ ಒಂದೊಂದು ವ್ರತವನ್ನು ಬಿಟ್ಟುಕೊಡುತ್ತಾ ಹೋಗುತ್ತಾನೆ. ಕನ್ನಡ ಗದ್ಯದಲ್ಲಿ ಮಗುವೊಂದು ದೊಡ್ಡವರನ್ನು ಮಾತಿನಲ್ಲಿ ಸೋಲಿಸುವ ಮೊದಲ ಪ್ರಸಂಗಗಳಲ್ಲಿ ಇದೊಂದು. ಇಲ್ಲಿಯ ಹುಡುಗಿಗೆ ಹಿಂದಿನ ಜನ್ಮದ ಅರಿವು ಇನ್ನೂ ಇಲ್ಲ. ಕಣ್ಣೆದುರಿನದನ್ನು ನೋಡಿಯೇ ಅವಳು ವಾದಿಸುತ್ತಾಳೆ.

ಮುನಿಗಳ ಬಳಿ ಬಂದ ಮೇಲೆ ಕಥೆಯ ಹದ ಬದಲಾಗುತ್ತದೆ. ಹಿರಿಯ ಮುನಿ ಸೂರ್ಯಮಿತ್ರನು ಈಕೆ ತಮ್ಮ ಮಗಳೆನ್ನುತ್ತಾನೆ. ನಾಗಶರ್ಮ ಬೆಚ್ಚಿ ಅರಸನಲ್ಲಿಗೆ ಓಡಿ, ಮುನಿಗಳು ತನ್ನ ಮಗಳನ್ನು ಕಸಿದುಕೊಂಡರೆಂದು ಹುಯ್ಯಲಿಡುತ್ತಾನೆ. ಅರಸ ಬಂದು ವಿಚಾರಿಸುತ್ತಾನೆ. ಆಗ ಸೂರ್ಯಮಿತ್ರನು ಆಕೆಯಿಂದ ವೇದಗಳನ್ನು ಹೇಳಿಸುತ್ತಾನೆ. ಯಾರಿಂದಲೂ ಕಲಿಯದ ಹುಡುಗಿ ಸಭೆಯ ಮುಂದೆ ಓದಿಕೊಂಡು ಹೋಗುತ್ತಾಳೆ. ಹಿಂದೆ ವಾಯುಭೂತಿಯೆಂಬ ಶಿಷ್ಯನಾಗಿ ಸೂರ್ಯಮಿತ್ರನಲ್ಲಿ ಕಲಿತ ವಿದ್ಯೆ ಅದು. ಹೇಳಿಕೆಯೊಂದು, ಅದನ್ನು ಒಪ್ಪದ ಒಬ್ಬ ತಂದೆ, ನಿಷ್ಪಕ್ಷಪಾತಿಯಾದ ಪರೀಕ್ಷಕ, ಜನರ ಸಮಕ್ಷಮದಲ್ಲಿ ಪರೀಕ್ಷೆ: 1935ರಲ್ಲಿ ದಿಲ್ಲಿಯ ಶಾಂತಿದೇವಿಯ ಪ್ರಕರಣದಲ್ಲಿ ನಡೆದದ್ದಕ್ಕೂ ಇದಕ್ಕೂ ಚೌಕಟ್ಟು ಒಂದೇ. ಮಥುರೆಯಲ್ಲಿ ತನ್ನ ಗಂಡನಿದ್ದಾನೆಂದು ಹೇಳುತ್ತಿದ್ದ ಆ ಬಾಲಕಿಯನ್ನು ಗಣ್ಯರ ಸಮಿತಿಯೊಂದು ರೈಲಿನಲ್ಲಿ ಮಥುರೆಗೆ ಕರೆದೊಯ್ದಿತು. ಅವಳು ದಾರಿ ತೋರಿಸಿದಳು, ಮನೆ ತೋರಿಸಿದಳು. ಮರುವರ್ಷ ಸಮಿತಿಯ ವರದಿ ಹೊರಬಂದಿತು. ನಾಗಶ್ರೀಯ ಕಥೆಯನ್ನು ಓದಿದ ಕನ್ನಡಿಗನಿಗೆ ಆ ವರದಿಯ ವಿಧಾನದಲ್ಲಿ ಅಪೂರ್ವವೆನಿಸುವಂಥದು ಕಡಿಮೆ.

ಆದರೆ ವಡ್ಡಾರಾಧನೆಯ ಕಥೆಯಲ್ಲಿ ಮತ್ತೊಂದು ಅಂಶವಿದೆ. ಅದನ್ನು ವಿಮರ್ಶಕರು ದಾಟಿಕೊಂಡು ಹೋಗುವುದೇ ಹೆಚ್ಚು. ಗುರುವನ್ನು ಹಳಿದ ವಾಯುಭೂತಿ ನೇರವಾಗಿ ನಾಗಶ್ರೀಯಾಗುವುದಿಲ್ಲ. ಕುಷ್ಠದಿಂದ ಸತ್ತು ಕತ್ತೆಯಾಗುತ್ತಾನೆ, ಹಂದಿಯಾಗುತ್ತಾನೆ, ನಾಯಿಯಾಗುತ್ತಾನೆ. ಅನಂತರ ಹುಟ್ಟುಗುರುಡಿಯಾದ ಚಾಂಡಾಲರ ಹುಡುಗಿ. ಆ ಮೇಲೆ ಬ್ರಾಹ್ಮಣರ ಮನೆಯ ನಾಗಶ್ರೀ. ಈ ಏಣಿಯ ಮೆಟ್ಟಿಲುಗಳನ್ನು ಒಂದು ಕ್ಷಣ ನಿಂತು ನೋಡಬೇಕು. ನಾಯಿಗೂ ಬ್ರಾಹ್ಮಣ ಕನ್ಯೆಗೂ ನಡುವಣ ಮೆಟ್ಟಿಲು ಚಾಂಡಾಲರ ಮಗು. ಆ ಮಗುವಿಗೂ ಮುನಿಯ ಕರುಣೆ ದೊರೆಯಿತು, ವ್ರತ ದೊರೆಯಿತು ಎಂಬುದು ನಿಜ. ಜೈನಧರ್ಮದ ಅನುಕಂಪ ಅಲ್ಲಿ ಸ್ಪಷ್ಟವಾಗಿಯೇ ಇದೆ. ಆದರೆ ಆ ಅನುಕಂಪದ ಫಲ ಅವಳು ಆ ಹುಟ್ಟನ್ನು ಬಿಟ್ಟು ಬೇರೆ ಹುಟ್ಟಿಗೆ ಏರುವುದೇ ಹೊರತು ಆ ಹುಟ್ಟಿನಲ್ಲಿಯೇ ಮನ್ನಣೆ ಪಡೆಯುವುದಲ್ಲ. ಸಭೆಯಲ್ಲಿ ಸಾಬೀತಾಗುವ ನೆನಪು ಯಾವ ಜನ್ಮದ್ದು? ವೇದ ಕಲಿತ ಜನ್ಮದ್ದು. ಕುರುಡಿಯಾಗಿ ಕಳೆದ ದಿನಗಳ ನೆನಪನ್ನು ಪರೀಕ್ಷೆಗೆ ಒಡ್ಡುವ ಪ್ರಮೇಯ ಯಾರಿಗೂ ಬರಲಿಲ್ಲ. ಜಾತಿಸ್ಮರಣೆಯೆಂಬ ಶಬ್ದದ ಎರಡನೆಯ ಅರ್ಥ ಮೊದಲನೆಯದರ ಒಳಗೆ ಹೀಗೆ ಬಂದು ಕುಳಿತಿದೆ.

ಜನ್ನನ ಯಶೋಧರಚರಿತೆ ಬೇರೆಯ ದಾರಿ ಹಿಡಿಯುತ್ತದೆ. 1209ರಲ್ಲಿ ರಚಿತವಾದ, ನಾಲ್ಕೇ ಅವತಾರಗಳ ಈ ಕಿರುಕಾವ್ಯ ಜಾತಿಸ್ಮರರಾದ ಇಬ್ಬರು ಮಕ್ಕಳನ್ನೇ ನಿರೂಪಣೆಯ ನಡುಗಂಬವಾಗಿ ನಿಲ್ಲಿಸಿದೆ. ಮಾರಿದತ್ತ ದೊರೆ ಚಂಡಮಾರಿಯ ಜಾತ್ರೆಗೆ ನರಬಲಿ ಬೇಕೆನ್ನುತ್ತಾನೆ. ಭಿಕ್ಷೆಗೆಂದು ಊರೊಳಗೆ ಬಂದ ಅವಳಿಜವಳಿ ಮಕ್ಕಳಾದ ಅಭಯರುಚಿ, ಅಭಯಮತಿಯರನ್ನು ತಳವಾರ ಹಿಡಿದು ತರುತ್ತಾನೆ. ಕತ್ತಿಯ ಕೆಳಗೆ ನಿಂತ ಆ ಹುಡುಗ ತಂಗಿಯನ್ನು ಸಂತೈಸುತ್ತಾನೆ, ದೊರೆಯನ್ನು ಹರಸುತ್ತಾನೆ, ಕೇಳಿದಾಗ ತನ್ನ ಕಥೆಯನ್ನು ಹೇಳುತ್ತಾನೆ. ತಾನು ಯಶೋಧರನೆಂಬ ಅರಸನಾಗಿದ್ದುದು, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟದ್ದು, ರಾಣಿ ಅಮೃತಮತಿ ತಾಯಿಮಗನಿಬ್ಬರಿಗೂ ವಿಷವಿಕ್ಕಿದ್ದು. ಆ ಮೇಲೆ ನವಿಲು ಮತ್ತು ನಾಯಿ, ಮೀನು ಮತ್ತು ಮೊಸಳೆ, ಆಡು, ಕೋಣ, ಕೋಳಿ. ಎಲ್ಲಿ ಹುಟ್ಟಿದರೂ ಕೊಲೆ. ಕೊನೆಗೆ ಯಶೋಧರನ ಮಗನಾದ ಯಶೋಮತಿಯ ಬಸಿರಲ್ಲಿಯೇ ಅವಳಿಗಳಾಗಿ ಜನನ.

ಇಲ್ಲಿಯ ನಂಟಸ್ತಿಕೆಯನ್ನು ಬಿಡಿಸಿ ನೋಡಿದರೆ ಜನ್ನ ಹೂಡಿದ ಹೂಟದ ಘೋರ ತಿಳಿಯುತ್ತದೆ. ಅಭಯರುಚಿ ತನ್ನ ತಂದೆಗೆ ತಾನೇ ತಂದೆ. ತನ್ನ ತಂಗಿಯೇ ಹಿಂದಿನ ತಾಯಿ. ‘ಅಜ್ಜ ಹುಟ್ಟಿ ಬಂದ’ ಎಂಬ ಧಾರವಾಡದ ಅಕ್ಕರೆಯ ಮಾತು ಇಲ್ಲಿ ಅಕ್ಷರಶಃ ನಿಜವಾಗಿದೆ; ಆದರೆ ಅಜ್ಜ ಬಂದದ್ದು ಎಂಥ ದಾರಿಯಲ್ಲಿ! ತಂದೆಯ ಶ್ರಾದ್ಧವೆಂದು ಯಶೋಮತಿ ಬಡಿಸಿದ್ದು ಮೀನಾಗಿ ಹುಟ್ಟಿದ್ದ ಆ ತಂದೆಯ ಮಾಂಸವನ್ನೇ. ಅಜ್ಜಿಯನ್ನೂ ಅಪ್ಪನನ್ನೂ ಕೋಳಿಗಳೆಂದು ಬಾಣದಿಂದ ಹೊಡೆದವನೂ ಅವನೇ. ಮನೆಯವರ ಪ್ರೀತಿ ಮನೆಯವರನ್ನು ಗುರುತಿಸಲಾರದೆ ತಿಂದುಹಾಕುತ್ತದೆ ಎಂಬ ಈ ದರ್ಶನಕ್ಕೆ ಸಮನಾದದ್ದು ಕನ್ನಡದಲ್ಲಿ ಮತ್ತೊಂದಿಲ್ಲ. ಯಶೋಧರಚರಿತೆಯನ್ನು ಬರಿಯ ಅಮೃತಮತಿ-ಅಷ್ಟಾವಂಕರ ಪ್ರಸಂಗಕ್ಕೆ ಇಳಿಸಿ ಓದುವ ಪರಿಪಾಠ ನಮ್ಮ ಕಾಲೇಜುಗಳಲ್ಲಿ ಬಹುಕಾಲ ನಡೆದು ಬಂದುದರಿಂದ ಕಾವ್ಯದ ಉತ್ತರಾರ್ಧ ಓದುಗರ ಗಮನದಿಂದ ಮರೆಯಾಗಿದೆ.

ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರು 1980ರಲ್ಲಿ ಈ ವಸ್ತುವನ್ನು ‘ಹಿಟ್ಟಿನ ಹುಂಜ’ ನಾಟಕವಾಗಿಸಿದಾಗಲೂ ಆದದ್ದು ಇದೇ. ರಾಜ, ರಾಣಿ, ರಾಜಮಾತೆ, ಮಾವುತ ಎಂಬ ನಾಲ್ವರ ನಡುವಣ ಒಂದು ರಾತ್ರಿಯನ್ನು ಅವರು ತೀಕ್ಷ್ಣವಾಗಿ ಕಡೆದಿರಿಸಿದರು. ಸಂಕಲ್ಪಹಿಂಸೆಯ ಪ್ರಶ್ನೆಗೆ ಅಲ್ಲಿ ಸಿಕ್ಕ ನಾಟಕೀಯತೆ ಮೆಚ್ಚತಕ್ಕದ್ದು. ಆದರೆ ಜನ್ಮಾಂತರಗಳನ್ನು ಕೈಬಿಟ್ಟುದರಿಂದ ಕಥೆಯನ್ನು ಹೇಳುವ ಮಕ್ಕಳೂ ಬಿಟ್ಟುಹೋದರು. ರಂಗಭೂಮಿಯ ನಿರ್ಬಂಧ ಅದಕ್ಕೆ ಕಾರಣವಿರಬಹುದು. ಇಪ್ಪತ್ತನೆಯ ಶತಮಾನದ ಪ್ರೇಕ್ಷಕನಿಗೆ ಪುನರ್ಜನ್ಮ ಒಪ್ಪಿತವಾಗದೆಂಬ ಎಣಿಕೆಯೂ ಇರಬಹುದು. ಕಾರಣ ಏನಿದ್ದರೂ ನಷ್ಟ ದೊಡ್ಡದು. ಬಲಿಯಾಗಲಿರುವವರ ಬಾಯಿಂದಲೇ ಬಲಿಯ ಕಥೆ ಹೊರಡುತ್ತದೆಂಬುದು ಜನ್ನನ ಕಾವ್ಯದ ಜೀವ. ಅಭಯರುಚಿಯ ನೆನಪು ಯಾವ ಆತ್ಮತತ್ತ್ವವನ್ನೂ ಸಾಧಿಸಿ ತೋರಿಸಲು ಬಂದದ್ದಲ್ಲ; ಎತ್ತಿದ ಕತ್ತಿಯನ್ನು ಇಳಿಸಲು ಬಂದದ್ದು. ಅವನು ಹೇಳಿದ ಜನ್ಮಗಳಲ್ಲಿ ಕುಲದ ಏಣಿಯಿಲ್ಲವೆಂಬುದೂ ಗಮನಾರ್ಹ. ನವಿಲಾದರೇನು, ಆಡಾದರೇನು, ಅರಸನಾದರೇನು, ಕೊಂದವನು ಕೊಲ್ಲಿಸಿಕೊಳ್ಳುತ್ತಾನೆ. ಈ ಒಂದು ವಿಷಯದಲ್ಲಿ ಜನ್ನನು ವಡ್ಡಾರಾಧನೆಗಿಂತ ಬಹುದೂರ ಬಂದಿದ್ದಾನೆ.

ಪಂಪನ ಆದಿಪುರಾಣದಲ್ಲಿಯೂ ಜಾತಿಸ್ಮರಣೆಯುಂಟು. ದೇವತೆಗಳ ಸಂಚಾರವನ್ನು ಕಂಡು ಶ್ರೀಮತಿ ಮೂರ್ಛೆಹೋಗುವುದು, ಲಲಿತಾಂಗನ ನೆನಪನ್ನು ಚಿತ್ರವಾಗಿ ಬರೆಯುವುದು, ಆ ಚಿತ್ರವನ್ನು ವಜ್ರಜಂಘ ಗುರುತಿಸುವುದು ಕನ್ನಡಿಗರಿಗೆ ಪ್ರಿಯವಾದ ಸಂದರ್ಭ. ತಾಯಿಯ ಕಡೆಯಿಂದ ಅಣ್ಣಿಗೇರಿಯ ಮಣ್ಣಿಗೆ ಸೇರಿದ ಈ ಕವಿ ನೆನಪನ್ನು ಶೃಂಗಾರಕ್ಕೆ ಒಪ್ಪಿಸಿದ. ಅಲ್ಲಿ ಮಕ್ಕಳಿಲ್ಲವಾದುದರಿಂದ ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಈ ಕಾವ್ಯಗಳನ್ನು ಆಧುನಿಕ ಸಂಶೋಧನೆಯ ಪಕ್ಕದಲ್ಲಿಟ್ಟು ‘ನಮ್ಮವರು ಇದನ್ನು ಅಂದೇ ಹೇಳಿದ್ದರು’ ಎನ್ನುವ ಉತ್ಸಾಹ ಆಗಾಗ ಕಾಣಬರುತ್ತದೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್ಸನ್ (1918-2007) 1961ರಲ್ಲಿ ಭಾರತಕ್ಕೆ ಬಂದು ಇಂಥ ಮಕ್ಕಳನ್ನು ಕಂಡು, 1966ರಲ್ಲಿ ಇಪ್ಪತ್ತು ಪ್ರಕರಣಗಳ ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಏಳು ಭಾರತದವು. 1975ರಲ್ಲಿ ಭಾರತದ ಹತ್ತು ಪ್ರಕರಣಗಳಿಗೇ ಮೀಸಲಾದ ಸಂಪುಟ ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸತ್ವಂತ್ ಪಸರೀಚಾ ಅವರು ಸ್ಟೀವನ್ಸನ್ನರೊಡನೆ ಕೆಲಸಮಾಡಿ, 1990ರಲ್ಲಿ ತಮ್ಮದೇ ಗ್ರಂಥವನ್ನು ಹೊರತಂದರು. ಈ ಸಂಶೋಧಕರ ಶ್ರದ್ಧೆ ದೊಡ್ಡದು. ಮಕ್ಕಳು ಎರಡರಿಂದ ನಾಲ್ಕು ವರ್ಷದೊಳಗೆ ಮಾತು ಕಲಿಯುತ್ತಲೇ ಇಂಥದನ್ನು ಹೇಳತೊಡಗುತ್ತಾರೆ, ಸಾಮಾನ್ಯವಾಗಿ ಐದರಿಂದ ಎಂಟು ವರ್ಷದೊಳಗೆ ಹೇಳುವುದನ್ನು ನಿಲ್ಲಿಸುತ್ತಾರೆ, ನೆನಪಿಸಿಕೊಂಡ ಸಾವು ಅನೇಕ ವೇಳೆ ಅಕಾಲದ್ದು ಅಥವಾ ಹಿಂಸೆಯದು ಎಂಬುವು ಅವರು ಕಂಡುಕೊಂಡ ಸಾಮಾನ್ಯ ಲಕ್ಷಣಗಳು. ಎರಡು ಕುಟುಂಬಗಳು ಭೇಟಿಯಾದ ಮೇಲೆ ಸಂಶೋಧಕ ಹೋಗುವುದರಿಂದ ಮಗು ಮೊದಲು ಏನು ಹೇಳಿತ್ತು, ದೊಡ್ಡವರು ಆಮೇಲೆ ಏನು ಸೇರಿಸಿದರು ಎಂಬುದನ್ನು ಬೇರ್ಪಡಿಸುವುದು ಕಷ್ಟವೆಂಬುದು ಮುಖ್ಯ ಆಕ್ಷೇಪ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ತತ್ತ್ವಶಾಸ್ತ್ರಜ್ಞ ಸಿ. ಟಿ. ಕೆ. ಚಾರಿಯವರು ಈ ಪ್ರಕರಣಗಳ ಮೇಲೆ ಸಂಸ್ಕೃತಿಯ ಅಚ್ಚು ಎಷ್ಟಿದೆಯೆಂದು ಕೇಳಿದವರಲ್ಲಿ ಪ್ರಮುಖರು. ಆ ಪ್ರಶ್ನೆಗೆ ಸಮರ್ಪಕವಾದ ಉತ್ತರ ದೊರೆತಿದೆಯೆನ್ನುವುದು ಕಷ್ಟ.

ಸ್ಟೀವನ್ಸನ್ನರ ಇಪ್ಪತ್ತರಲ್ಲಿ ಒಂದು ಪ್ರಕರಣ ಈ ಲೇಖನದ ವಿಷಯಕ್ಕೆ ಹತ್ತಿರದ್ದು. ಉತ್ತರಪ್ರದೇಶದ ಮುಜಫ್ಫರನಗರ ಜಿಲ್ಲೆಯ ಒಂದು ಜಾಟ ಕುಟುಂಬದಲ್ಲಿ ಮೂರೂವರೆ ವರ್ಷದ ಹುಡುಗ 1954ರಲ್ಲಿ ಸಿಡುಬಿನಿಂದ ಸತ್ತನೆಂದೇ ತಿಳಿಯಲಾಗಿತ್ತು. ಉಸಿರು ಮರಳಿತು. ಮಾತು ಬಂದ ಮೇಲೆ ಅವನು ತಾನು ಮತ್ತೊಂದು ಹಳ್ಳಿಯ ಬ್ರಾಹ್ಮಣನ ಮಗನೆಂದನು. ಆ ಹಳ್ಳಿಯ ತರುಣನೊಬ್ಬ ಅದೇ ಕಾಲಕ್ಕೆ ಸತ್ತಿದ್ದನೆಂದು ಅನಂತರ ತಿಳಿಯಿತು. ಹುಡುಗ ಹುಟ್ಟಿ ಮೂರು ವರ್ಷ ಕಳೆದ ಮೇಲೆ ಸತ್ತವನು ಹೇಗೆ ಆ ಹುಡುಗನಾದಾನು ಎಂಬುದು ತಾತ್ತ್ವಿಕರಿಗೆ ಬಿಟ್ಟ ಗೊಡವೆ. ವಿಮರ್ಶಕನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಬೇರೆ. ಆ ಮಗು ತನ್ನ ತಾಯಿ ಮಾಡಿದ ಅಡಿಗೆಯನ್ನು ಮುಟ್ಟಲಿಲ್ಲ. ಜಾಟರ ಮನೆಯ ಅನ್ನ ತನಗೆ ಸಲ್ಲದೆಂದಿತು. ಹಸಿದು ಸತ್ತೀತೆಂಬ ಅಂಜಿಕೆಯಿಂದ ನೆರೆಯ ಬ್ರಾಹ್ಮಣ ಹೆಂಗಸೊಬ್ಬಳು ಒಂದು ವರ್ಷಕ್ಕೂ ಮೀರಿ ಅದಕ್ಕಾಗಿ ಬೇರೆ ಅಡಿಗೆ ಮಾಡಬೇಕಾಯಿತು.

ಮೂರೂವರೆ ವರ್ಷದ ಮಗು ಒಂದು ಬಾಳಿನಿಂದ ಏನನ್ನು ಉಳಿಸಿಕೊಂಡು ಬಂದಿದೆ! ಕಲಿತ ವಿದ್ಯೆಯನ್ನಲ್ಲ, ಮಾಡಿದ ಉಪಕಾರವನ್ನಲ್ಲ. ಯಾರ ಕೈಯ ಅನ್ನ ಉಣ್ಣಬಾರದೆಂಬುದನ್ನು. ಜೀವ ದೇಹದಿಂದ ದೇಹಕ್ಕೆ ಹೋಗುತ್ತದೆಯೋ ಇಲ್ಲವೋ, ಜಾತಿ ಮಾತ್ರ ಹೋದದ್ದಕ್ಕೆ ಇಲ್ಲಿ ಸಾಕ್ಷ್ಯವಿದೆ. ಪುನರ್ಜನ್ಮವನ್ನು ನಂಬದವನು ಮಗು ಸುತ್ತಣವರಿಂದಲೇ ಅದನ್ನು ಹೀರಿಕೊಂಡಿತೆನ್ನುತ್ತಾನೆ. ನಂಬುವವನು ಹಿಂದಿನಿಂದ ತಂದಿತೆನ್ನುತ್ತಾನೆ. ಇಬ್ಬರಿಗೂ ಆ ತಾಯಿಯ ಮುಂದೆ ನಿಂತು ಹೇಳಲು ಏನೂ ಇಲ್ಲ. ಸಂಶೋಧನ ಗ್ರಂಥ ಈ ಸಂಗತಿಯನ್ನು ಬ್ರಾಹ್ಮಣ ಜನ್ಮಕ್ಕೆ ಪೋಷಕವಾದ ನಡವಳಿಕೆಯೆಂದು ದಾಖಲಿಸುತ್ತದೆ. ಶಾಸ್ತ್ರದ ಮಿತಿಯಲ್ಲಿ ಅದು ತಪ್ಪಲ್ಲ. ಆದರೆ ಕನ್ನಡಿಗ ಓದುಗ ಅದನ್ನು ಅಷ್ಟಕ್ಕೇ ಬಿಟ್ಟರೆ ಹನ್ನೆರಡನೆಯ ಶತಮಾನವನ್ನು ಮರೆತಂತೆ.

ವಚನಕಾರರು ಜನ್ಮಾಂತರವನ್ನು ಅಲ್ಲಗಳೆದವರೆಂದು ಕೆಲವರು ಹೇಳುವುದುಂಟು. ಅದು ಪೂರ್ಣಸತ್ಯವಲ್ಲ. ಭವದ ಮಾತು ಬಾರದ ವಚನಕಾರನೇ ವಿರಳ. ಎಂಬತ್ತನಾಲ್ಕು ಲಕ್ಷ ಯೋನಿಗಳಲ್ಲಿ ತೊಳಲಿ ಬಂದ ಬಳಲಿಕೆಯನ್ನು ಅಕ್ಕಮಹಾದೇವಿ ಎದೆಬಿರಿಯುವಂತೆ ತೋಡಿಕೊಂಡಿದ್ದಾಳೆ. ಆದರೆ ಆ ಜನ್ಮಗಳಲ್ಲಿ ಒಂದಕ್ಕಾದರೂ ವಿಳಾಸವಿಲ್ಲ. ಇಂಥ ಊರಲ್ಲಿ, ಇಂಥವರ ಮನೆಯಲ್ಲಿ, ಇಂಥ ಹೆಸರಿನಿಂದ ಇದ್ದೆನೆಂದು ಅಕ್ಕ ಹೇಳುವುದಿಲ್ಲ, ಅಲ್ಲಮ ಹೇಳುವುದಿಲ್ಲ, ಬಸವಣ್ಣ ಹೇಳುವುದಿಲ್ಲ. ಹಿಂದಿನ ಹುಟ್ಟುಗಳೆಲ್ಲ ಅಲ್ಲಿ ಒಂದೇ ಕತ್ತಲೆಯ ರಾಶಿ. ಎಣಿಸಿ ಬೇರ್ಪಡಿಸುವ ಕುತೂಹಲವೇ ಇಲ್ಲ. ಜೈನಕವಿಗೆ ನೆನಪು ವೈರಾಗ್ಯದ ಬಾಗಿಲಾದರೆ ವಚನಕಾರನಿಗೆ ಆ ಬಾಗಿಲೇ ಬೇಕಾಗಿಲ್ಲ. ಗುರುಕರುಣೆಯಿಂದ ಲಿಂಗ ಕರಸ್ಥಲಕ್ಕೆ ಬಂದ ಗಳಿಗೆಯೇ ಅವನಿಗೆ ಹುಟ್ಟು. ಅದಕ್ಕೆ ಹಿಂದಿನದೆಲ್ಲ, ಅದು ಹೋದ ಜನ್ಮವಾಗಿರಲಿ ಈ ಜನ್ಮದ್ದೇ ಹಿಂದಿನ ವರ್ಷಗಳಾಗಿರಲಿ, ಪೂರ್ವಾಶ್ರಯ.

ಸಿದ್ಧಾಂತಶಿಖಾಮಣಿ ಮಾಹೇಶ್ವರಸ್ಥಲದಲ್ಲಿ ಪೂರ್ವಾಶ್ರಯನಿರಸನಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದೆ. ದೀಕ್ಷೆಗೆ ಮುನ್ನ ಇದ್ದ ಕುಲಗೋತ್ರ ನಡೆವಳಿಗಳು ಭಕ್ತನಿಗೆ ಇನ್ನಿಲ್ಲ. ಅವನ್ನು ನೆನೆಯುವುದು ದೋಷ, ಇತರರು ನೆನೆಯಿಸುವುದು ಅದಕ್ಕೂ ದೋಷ. ಶರಣರ ಜಾತಿಯನ್ನು ಕೇಳುವವನ ಬಗ್ಗೆ ವಚನಗಳಲ್ಲಿ ಬರುವ ಕಟುನುಡಿಗಳನ್ನು ಸಾಮಾಜಿಕ ಸುಧಾರಣೆಯ ಮಾತುಗಳೆಂದು ಮಾತ್ರ ಓದಿದರೆ ಅವುಗಳ ಅರ್ಧಾರ್ಥ ತಪ್ಪುತ್ತದೆ. ಹುಟ್ಟನ್ನು ನೆನೆಯುವುದೇ ಭವವೆಂಬ ತತ್ತ್ವ ಅವುಗಳ ಬೆನ್ನಿಗಿದೆ. ಸಮಗಾರ ಹರಳಯ್ಯನನ್ನು ಸಮಗಾರನೆಂದು ನೆನೆದವನು ಅವನನ್ನು ಹಿಂದಿನ ಜನ್ಮಕ್ಕೆ ಮರಳಿ ತಳ್ಳಿದಂತೆ. ಹೀಗಾಗಿ ಜೈನಕಾವ್ಯದ ಜಾತಿಸ್ಮರಣೆಗೆ ಎದುರಾಗಿ ಶರಣರು ನಿಲ್ಲಿಸಿದ್ದು ಜಾತಿವಿಸ್ಮರಣೆ. ಆ ಶಬ್ದವನ್ನು ಅವರು ಬಳಸಲಿಲ್ಲ. ಆದರೆ ‘ಜಾತಿ’ಯ ಎರಡು ಅರ್ಥಗಳನ್ನೂ ಒಂದೇ ಏಟಿಗೆ ಕಡಿಯುವ ಬೇರೆ ಹೆಸರು ದೊರೆಯದು.

ವೀರಶೈವ ಪುರಾಣಗಳಲ್ಲಿ ಹುಟ್ಟಿಗೆ ಮುಂಚಿನ ಕಥೆಗಳಿಲ್ಲವೇ ಎಂದರೆ, ಹೇರಳವಾಗಿವೆ. ಹರಿಹರನ ರಗಳೆಗಳಲ್ಲಿ ಬಸವಣ್ಣ ಕೈಲಾಸದ ವೃಷಭಮುಖ, ಮಹಾದೇವಿಯಕ್ಕ ರುದ್ರಕನ್ನಿಕೆ. ಶಾಪವೋ ಕಾರಣವೋ ಒದಗಿ ಭೂಮಿಗೆ ಇಳಿದವರು. ಆದರೆ ಇದು ಕವಿ ಹೇಳುವ ಕಥೆಯೇ ಹೊರತು ಮಗು ನೆನೆಯುವ ಕಥೆಯಲ್ಲ. ಅಲ್ಲದೆ ಆ ಹಿಂದಣ ನೆಲ ಕೈಲಾಸ, ಬೇರೊಂದು ಕುಲದ ಮನೆಯಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಅನುಸರಿಸಿ ಭೀಮಕವಿ 1369ರಲ್ಲಿ ರಚಿಸಿದ ಬಸವಪುರಾಣದಲ್ಲಿ ಮಗುವೇ ಮಾತಾಡುವ ಸಂದರ್ಭ ಬರುತ್ತದೆ. ಕೂಸು ಹುಟ್ಟಿದೊಡನೆ ಸಂಗಮೇಶ್ವರನೇ ತಪಸ್ವಿಯ ವೇಷದಲ್ಲಿ ಬಂದು ಲಿಂಗವನ್ನು ಕಟ್ಟಿ ಹೋಗಿದ್ದಾನೆ. ಎಂಟನೆಯ ವರುಷದಲ್ಲಿ ತಂದೆ ಉಪನಯನಕ್ಕೆ ಅಣಿಯಾದಾಗ ಬಾಲಕ ಬಸವ ಒಲ್ಲೆನೆನ್ನುತ್ತಾನೆ. ಹಿಂದೆಯೇ ದೀಕ್ಷಿತನಾದವನಿಗೆ ಮತ್ತೊಂದು ಸಂಸ್ಕಾರ ಬೇಕಿಲ್ಲವೆಂಬುದು ಅವನ ನಿಲುವು. ಮುಜಫ್ಫರನಗರದ ಮಗುವನ್ನೂ ಪುರಾಣದ ಈ ಮಗುವನ್ನೂ ಒಂದೆಡೆ ನಿಲ್ಲಿಸಿ ನೋಡಬೇಕು. ತಂದೆತಾಯಿಗಳಿಗೆ ತಿಳಿಯದ ಹಿಂದಣ ಸಂಬಂಧವೊಂದನ್ನು ಇಬ್ಬರೂ ಮುಂದಿಡುತ್ತಾರೆ. ಇಬ್ಬರೂ ಮನೆಯವರ ಮಾತನ್ನು ಮೀರುತ್ತಾರೆ. ಒಂದು ಮಗು ಹಾಗೆ ಮೀರಿ ಜಾತಿಯನ್ನು ಕಾಯುತ್ತದೆ; ಮತ್ತೊಂದು ಅದನ್ನು ಕಳಚುತ್ತದೆ.

ಪುರಾಣ ಹೇಳಿದ್ದೊಂದು, ಸಮಾಜ ನಡೆದದ್ದೊಂದು ಎಂಬುದನ್ನೂ ಇಲ್ಲಿ ಮುಚ್ಚಿಡಲಾಗದು. ಪೂರ್ವಾಶ್ರಯವನ್ನು ನೆನೆಯಬಾರದೆಂದ ಪರಂಪರೆಯಲ್ಲಿಯೇ ಹೆಣ್ಣು-ಗಂಡು ನೋಡುವ ಹೊತ್ತಿಗೆ ಮೊದಲು ಕೇಳುವ ಪ್ರಶ್ನೆ ಒಳಪಂಗಡದ್ದು. ಏಳೆಂಟು ನೂರು ವರ್ಷಗಳ ಹಿಂದೆ ದೀಕ್ಷೆಯಿಂದ ಅಳಿದುಹೋಯಿತೆಂಬ ಕಾಯಕದ ಹೆಸರು ಲಗ್ನದ ಮಾತುಕತೆಯಲ್ಲಿ ಜೀವಂತವಾಗಿ ಎದ್ದು ಕೂಡುತ್ತದೆ. ಎರಡು ವರ್ಷದ ಮಗು ಹಿಂದಿನ ಜನ್ಮ ನೆನೆದರೆ ಬೆರಗುಪಡುವ ಜನ, ಇಡಿಯ ಸಮುದಾಯವೇ ಹೀಗೆ ಜಾತಿಸ್ಮರವಾಗಿರುವುದನ್ನು ಸಹಜವೆಂದೇ ಎಣಿಸಿದ್ದಾರೆ.

ನೆನಪನ್ನು ಸಂಸ್ಥೆಯೇ ಕೈಗೆತ್ತಿಕೊಂಡರೆ ಏನಾಗುತ್ತದೆಂಬುದನ್ನು ನೋಡಲು ಹುಬ್ಬಳ್ಳಿಯವರು ದೂರ ಹೋಗಬೇಕಾಗಿಲ್ಲ. ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿರುವ ಮುಂಡಗೋಡದಲ್ಲಿ 1966ರಿಂದ ಟಿಬೆಟಿನ ನಿರಾಶ್ರಿತರ ನೆಲೆಯಿದೆ. ಲಾಸಾದ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಅಲ್ಲಿ ಮರುಹುಟ್ಟು ಪಡೆದಿವೆ. ಗತಿಸಿದ ಲಾಮಾ ಮತ್ತೆ ಹುಟ್ಟಿ ಬರುತ್ತಾನೆಂದು ನಂಬಿ ಎಳೆಯ ಮಗುವನ್ನು ಹುಡುಕಿ, ಹಿಂದಿನವನ ಜಪಮಾಲೆ, ಬಟ್ಟಲು ಮೊದಲಾದವನ್ನು ಇತರ ವಸ್ತುಗಳ ನಡುವೆ ಇಟ್ಟು, ಮಗು ಯಾವುದಕ್ಕೆ ಕೈಚಾಚುತ್ತದೆಂದು ನೋಡಿ ಗುರುತಿಸುವ ಪದ್ಧತಿ ಅವರದು. ನಾಗಶ್ರೀಯ ಸಭೆ ಅಲ್ಲಿ ನಿತ್ಯವಿಧಿಯಾಗಿದೆ. ಆ ಪದ್ಧತಿಗೆ ತನ್ನದೇ ಆದ ಘನತೆಯಿದೆ. ಅಲ್ಲಿ ನೆನೆಯುವುದು ಕುಲವನ್ನಲ್ಲ, ಗುರುತ್ವವನ್ನು. ಎಷ್ಟೋ ಬಡಮನೆಯ ಮಕ್ಕಳು ಅದರಿಂದ ಪೀಠಕ್ಕೆ ಬಂದಿದ್ದಾರೆ. ಆದರೆ ಭಾರ ಮಗುವಿನ ಮೇಲೆಯೇ. 1984ರಲ್ಲಿ ತೀರಿಕೊಂಡ ಲಾಮಾ ಥುಬ್ತೆನ್ ಯೇಶೆಯ ಮರುಹುಟ್ಟೆಂದು ಸ್ಪೇನ್ ದೇಶದ ಶಿಶುವೊಂದನ್ನು ಗುರುತಿಸಲಾಯಿತು. ಆ ಬಾಲಕ ಬೈಲಕುಪ್ಪೆಯ ಸೇರಾ ಮಠದಲ್ಲಿ ಬೆಳೆದು, ಪ್ರಾಯಕ್ಕೆ ಬಂದ ಮೇಲೆ ಮಠಜೀವನವನ್ನು ಬಿಟ್ಟು ತನ್ನ ದಾರಿ ತಾನು ಹಿಡಿದ. ಬೇರೊಬ್ಬರ ನೆನಪನ್ನು ಹೊತ್ತು ಬೆಳೆಯುವುದು ಎಲ್ಲರಿಗೂ ಒಪ್ಪುವ ಹೊರೆಯಲ್ಲ.

ವೀರಶೈವ ವಿರಕ್ತಮಠಗಳಲ್ಲಿಯೂ ಎಳೆಯ ಹುಡುಗನನ್ನು ‘ಮರಿ’ಯೆಂದು ಆರಿಸುವುದುಂಟು. ಆದರೆ ಹಿಂದಿನ ಸ್ವಾಮಿಗಳೇ ಈ ಮರಿಯಾಗಿ ಬಂದರೆಂಬ ಮಾತು ಆ ಆಯ್ಕೆಗೆ ಆಧಾರವಲ್ಲ. ಹುಡುಗನಿಗೆ ಓದು, ಸೇವೆ, ಶಿವಯೋಗಗಳನ್ನು ಕಲಿಸುತ್ತಾರೆ. ಪಟ್ಟವಾದ ದಿನ ಅವನ ಪೂರ್ವಾಶ್ರಮ ತೀರಿಹೋಗುತ್ತದೆ. ಹೆತ್ತವರೇ ಬಂದು ಪಾದಕ್ಕೆರಗುತ್ತಾರೆ. ಟಿಬೆಟಿನ ಬಾಲಕನಿಗೆ ಒಂದು ಬಾಳು ಹೆಚ್ಚಾಗುತ್ತದೆ. ಇಲ್ಲಿಯ ಬಾಲಕನಿಗೆ ಇದ್ದ ಬಾಳಿನಲ್ಲೇ ಕೆಲವು ವರ್ಷಗಳು ಕಳೆಯುತ್ತವೆ. ಅದೂ ಹಗುರವಾದ ಹೊರೆಯೆಂದು ಹೇಳಲಾಗದು. ಆ ಹೆತ್ತವರ ಮನಸ್ಸನ್ನು ಚಿತ್ರಿಸಿದ ಕಾವ್ಯ ಕನ್ನಡದಲ್ಲಿ ಬರಬೇಕಾಗಿದೆ.

ಇನ್ನೊಂದು ವಿಷಯವನ್ನು ಹೇಳದೆ ಮುಗಿಸಲಾಗದು. ಆಗ್ರಾ ಜಿಲ್ಲೆಯ ಫತೇಹಾಬಾದ್ ಪ್ರದೇಶದಲ್ಲಿ ಪಸರೀಚಾ ಅವರು ಸಹೋದ್ಯೋಗಿಯೊಡನೆ ನಡೆಸಿ 1979ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಅಲ್ಲಿ ಸುಮಾರು ಸಾವಿರಕ್ಕೆ ಇಬ್ಬರು ಇಂಥ ನೆನಪಿನ ಹೇಳಿಕೆ ಮಾಡಿದವರು. ದಕ್ಷಿಣದಲ್ಲಿ ಇಂಥ ವರದಿಗಳು ಏಕಿಷ್ಟು ವಿರಳವೆಂಬುದನ್ನೇ ವಿಷಯವಾಗಿಸಿಕೊಂಡು ಅವರು 2001ರಲ್ಲಿ ಮತ್ತೊಂದು ಪ್ರಬಂಧ ಬರೆದರು. ಕನ್ನಡನಾಡಿನ ಮಟ್ಟಿಗೆ ಶರಣರ ಪೂರ್ವಾಶ್ರಯನಿರಸನವೇ ಇದಕ್ಕೆ ಕಾರಣವೆಂದು ಹೇಳುವ ಆಸೆ ಯಾರಿಗಾದರೂ ಆಗಬಹುದು. ಆ ಆಸೆಯನ್ನು ತಡೆಯಬೇಕು. ತಮಿಳುನಾಡಿನಲ್ಲಿ ಶರಣರಿರಲಿಲ್ಲ; ವರದಿಗಳು ಅಲ್ಲಿಯೂ ವಿರಳವೇ. ಹೆಚ್ಚು ಸಂಭಾವ್ಯವಾದ ಉತ್ತರ ಈ ಲೇಖನದ ಮೊದಲಿಗೆ ಬಂದ ತೊಟ್ಟಿಲಿನ ಬಳಿಯಲ್ಲಿದೆ. ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹೆಣ್ಣು ಕೊಟ್ಟು ತಂದು ಕೂಡಿಬಾಳುವ, ಮೊಮ್ಮಗನಿಗೆ ಅಜ್ಜನ ಹೆಸರಿಡುವ ದಕ್ಷಿಣದ ಮನೆಗಳಲ್ಲಿ ಸತ್ತವರು ಮರಳಿ ಬರುವ ದಾರಿ ಮನೆಯೊಳಗೇ ಇದೆ. ದೂರದ ಊರಿನ ಅಪರಿಚಿತರ ಮನೆಯಲ್ಲಿ ಅವರನ್ನು ಹುಡುಕಬೇಕಾಗಿಲ್ಲ. ಮಗು ಬಾಯಿಬಿಡುವ ಮೊದಲೇ ದೊಡ್ಡವರು ಅದಕ್ಕೆ ಪೂರ್ವಜನ್ಮವನ್ನು ಹೇಳಿಟ್ಟಿರುತ್ತಾರೆ. ಮಗು ಬೇರೊಂದು ಮನೆಯ ಮಾತೆತ್ತಿದರೆ ಕೇಳುವ ಕಿವಿಯಿಲ್ಲ. ಇದು ಊಹೆ. ಇದನ್ನು ಸಿದ್ಧಪಡಿಸಲೋ ತಳ್ಳಿಹಾಕಲೋ ಬೇಕಾದ ಸಾಮಗ್ರಿ ಹುಬ್ಬಳ್ಳಿ-ಧಾರವಾಡದ ಸುತ್ತಲ ಹಳ್ಳಿಗಳ ಬಾಣಂತಿಕೋಣೆಗಳಲ್ಲಿದೆ: ಯಾರ ಹೆಸರನ್ನು ಯಾರಿಗೆ ಇಟ್ಟರು, ಎಂದು ಇಟ್ಟರು, ಲಿಂಗ ಕಟ್ಟುವ ಮೊದಲೋ ಆಮೇಲೋ, ಹೆಸರನ್ನು ಕಿವಿಯಲ್ಲಿ ಹೇಳಿದವರಾರು. ಜಾನಪದದ ಅಭ್ಯಾಸಿಗಳು ತೊಟ್ಟಿಲ ಹಾಡುಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ಇದನ್ನೂ ಕೇಳಿ ಬರೆದುಕೊಳ್ಳಬಹುದು. ಅಜ್ಜಿಯಂದಿರು ಇನ್ನೂ ಹೇಳಬಲ್ಲವರಿದ್ದಾರೆ.